ಬಾವಿಯೊಳಗಿನ ಕೆಂಪು ಚುಕ್ಕೆ

ಬಂಟ್ವಾಳದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ವರ್ಷಗಳಲ್ಲಿ ಬಾವಿಗೆ ಬಿದ್ದ ಚಿರತೆಗಳ ಬಗ್ಗೆ ನಾನು ಬರೆದಷ್ಟು ವರದಿಗಳನ್ನು ರಸ್ತೆಯ ಹೊಂಡಗಳ ಬಗ್ಗೆಯೂ ಬರೆದಿರಲಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಮನೆಗೊಂದು ಬಾವಿ. ಆಗ ಹಲವು ಬಾವಿಗಳಿಗೆ ಕಟ್ಟೆ ಇರಲಿಲ್ಲ. ಎರಡು ಮರದ ದಿಮ್ಮಿ ಅಡ್ಡ ಹಾಕಿ, ಅದರ ಮೇಲೆ ನಿಂತು ನೀರು ಸೇದುತ್ತಿದ್ದರು. ನಾಯಿಯನ್ನು ಅಟ್ಟಿಕೊಂಡು ಬಂದ ಚಿರತೆಗೆ ನೆಲ ಮುಗಿದದ್ದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕೊಡಪಾನ ಹಿಡಿದು ಬಂದವರು ಅದನ್ನು ಅಲ್ಲೇ ಬಿಟ್ಟು ಓಡುವರು. ಒಂಬತ್ತು ಗಂಟೆಗೆ ಇಡೀ ಊರು ಬಾವಿಯ ಸುತ್ತ ಇರುತ್ತಿತ್ತು. ಹತ್ತಕ್ಕೆ ನಾನು ತಲುಪುತ್ತಿದ್ದೆ.

ಹೆಚ್ಚಿನ ಸಲ ಒಂದು ಏಣಿ ಇಳಿಸಿ ಜನರನ್ನು ದೂರ ಕಳಿಸಿದರೆ ಚಿರತೆ ತಾನಾಗಿ ಹತ್ತಿ ಕಾಡಿನ ದಾರಿ ಹಿಡಿಯುತ್ತಿತ್ತು. ಅದಕ್ಕೆ ಪತ್ರಿಕೆಯಲ್ಲಿ ನಾಲ್ಕು ಸಾಲು. ಕಾಲು ಮುರಿದುಕೊಂಡು ಹತ್ತಲಾಗದೆ ಕೂತ ಚಿರತೆಯ ವಿಷಯ ಬೇರೆ. ಅದಕ್ಕೆ ಮಂಪರು ಬರಿಸುವ ಮದ್ದು ತುಂಬಿದ ಸಿರಿಂಜನ್ನು ಕೋವಿಯಿಂದ ಹೊಡೆಯಬೇಕು. ಸಿರಿಂಜಿನ ಹಿಂದೆ ಗುಲಾಬಿ ಬಣ್ಣದ ಕುಚ್ಚು ಇರುತ್ತದೆ. ಕೋವಿಯಲ್ಲಿ ಮದ್ದುಗುಂಡು ಇಲ್ಲ, ಒತ್ತಿ ತುಂಬಿದ ಅನಿಲ ಅದನ್ನು ತಳ್ಳುತ್ತದೆ. ನಮ್ಮ ಕಡೆ ಆ ಕೋವಿ ಹಿಡಿಯಲು ಇದ್ದವರು ಒಬ್ಬರೇ. ಐವತ್ತು ದಾಟಿದ ಸರಕಾರಿ ಪಶುವೈದ್ಯರು. ದನದ ಹೆರಿಗೆಯಿಂದ ಹಿಡಿದು ನಾಯಿ ಕಚ್ಚಿದ ಆಡಿನವರೆಗೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಹೆಚ್ಚು ಮಾತಿನವರಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಸಿದ್ಧಕಟ್ಟೆ ಕಡೆಯ ಒಂದು ಬಾವಿಯಲ್ಲಿ ಬಿದ್ದಿದ್ದ ಚಿರತೆಗೆ ಅವರು ಹೊಡೆದರು. ತೊಡೆಗೆ ಇಟ್ಟ ಗುರಿ ಹೊಟ್ಟೆಗೆ ತಾಗಿತು. ಸೂಜಿ ಆಳಕ್ಕೆ ಹೋಗಿತ್ತು. ಬೋನು ಲಾರಿಗೆ ಏರುವ ಮೊದಲೇ ಚಿರತೆ ಸತ್ತಿತು. ನಾನು ನೋಡಿದ್ದನ್ನು ನೋಡಿದ ಹಾಗೆ ಬರೆದೆ. ‘ಗುರಿ ತಪ್ಪಿದ್ದರಿಂದ ಚಿರತೆ ಸಾವು’ ಎಂದು ಡೆಸ್ಕಿನವರು ತಲೆಬರಹ ಕೊಟ್ಟರು. ಅದೂ ಸುಳ್ಳಲ್ಲ.

ಮೂರನೆಯ ದಿನ ಡಾಕ್ಟರರು ಬಿ.ಸಿ. ರೋಡಿನ ನನ್ನ ಕೋಣೆಗೆ ಬಂದರು. ಕೈಯಲ್ಲಿ ಮಡಿಸಿದ ಪತ್ರಿಕೆ ಇತ್ತು. ಜಗಳಕ್ಕೆ ಬಂದಿದ್ದಾರೆಂದು ನಾನು ಎದ್ದು ನಿಂತೆ.

“ಕೂತ್ಕೊಳ್ಳಿ ಮಾರಾಯ್ರೆ. ನೀವು ಬರೆದದ್ದರಲ್ಲಿ ತಪ್ಪೆಂತ ಇಲ್ಲ. ಗುರಿ ತಪ್ಪಿದ್ದು ಹೌದು. ಆದ್ರೆ ಯಾಕೆ ತಪ್ಪಿತು ಅಂತ ನೀವು ನನ್ನ ಹತ್ರ ಕೇಳ್ಲಿಲ್ಲ.”

“ಕೇಳಿದ್ರೆ ಹೇಳ್ತಿದ್ರಾ ಡಾಕ್ಟ್ರೆ?”

“ಆವತ್ತು ಹೇಳ್ತಿರ್ಲಿಲ್ಲ. ಇವತ್ತು ಹೇಳ್ತೇನೆ.”

ಅವರು ನನ್ನ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ಕಣ್ಣಿಗೆ ಹತ್ತಿರ ಹಿಡಿದರು. ಇನ್ನೊಂದು ಕೈ ಚಾಚಿ ಬೆಂಕಿಕಡ್ಡಿಯೊಂದನ್ನು ಎತ್ತಿದರು. ಆಚೆ ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಗೆ ಗುರಿ ಇಟ್ಟರು. ಕೋವಿಯ ಮೇಲೆ ಹಿಂದೊಂದು ಕಚ್ಚು, ಮುಂದೊಂದು ಮಣಿ. ಅವೆರಡೂ ಗುರಿಯೂ ಒಂದೇ ಗೆರೆಯಲ್ಲಿ ಬರಬೇಕು. ಚಿಕ್ಕ ಪ್ರಾಯದ ಕಣ್ಣು ಮೂರರ ಮೇಲೂ ಓಡಾಡಿ ಹೇಗೋ ಹೊಂದಿಸಿಕೊಳ್ಳುತ್ತದೆ. ಚಾಳೀಸಿನ ಕನ್ನಡಕ ಬಂದ ಕಣ್ಣಿಗೆ ಅದಾಗುವುದಿಲ್ಲ.

“ಕನ್ನಡಕ ಹಾಕಿದ್ರೆ ಕಚ್ಚು ಕಾಣ್ತದೆ, ಚಿರತೆ ಮಂಜು. ತೆಗೆದ್ರೆ ಚಿರತೆ ಕಾಣ್ತದೆ, ಕಚ್ಚು ಮಂಜು. ಆವತ್ತು ನಾನು ಅಂದಾಜಿನಲ್ಲಿ ಹೊಡೆದದ್ದು.”

ಇದನ್ನು ಅವರು ಅರಣ್ಯ ಇಲಾಖೆಗೆ ಹೇಳಿರಲಿಲ್ಲ. ಹೇಳಿದರೆ ಕೋವಿ ಅವರ ಕೈಯಿಂದ ಹೋಗುತ್ತಿತ್ತು. ಹೇಳದಿದ್ದರೂ ಹೋಗುವ ಹಾಗಿತ್ತು. ಇನ್ನೊಂದು ಸಲ ಹೀಗಾದರೆ ಕೋವಿಯನ್ನು ವಾಪಸು ತರಿಸಿಕೊಳ್ಳುತ್ತೇವೆ ಎಂದು ಮೇಲಿನ ಅಧಿಕಾರಿ ಆಗಲೇ ತಿಳಿಸಿದ್ದರು. ಹಾಗಾದರೆ ಮುಂದಿನ ಚಿರತೆಗೆ ದೂರದ ಊರಿನಿಂದ ತಂಡ ಬರಬೇಕು. ಅದು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಅಷ್ಟು ಹೊತ್ತು ಬಾವಿಯ ಸುತ್ತಲಿನ ಜನ ಕಲ್ಲು ಹೊಡೆಯದೆ ಇರುತ್ತಾರೆ ಎಂದು ನಂಬುವವರು ನಮ್ಮ ಕಡೆ ಯಾರೂ ಇರಲಿಲ್ಲ.

“ನನ್ನ ಕೈಯಲ್ಲಿ ಇನ್ನೊಂದು ಸಾಯ್ಬಾರ್ದು,” ಎಂದರು ಡಾಕ್ಟರರು. “ಸತ್ರೆ, ಅವರು ಕೇಳುವ ಮೊದಲೇ ಕೋವಿ ನಾನೇ ಕೊಟ್ಟುಬಿಡ್ತೇನೆ.”

ಆಮೇಲೆ ಜೇಬಿನಿಂದ ಒಂದು ಹಾಳೆ ತೆಗೆದರು. ಯಾವುದೋ ವಿದೇಶಿ ಪತ್ರಿಕೆಯಿಂದ ಹರಿದ ಪುಟ. ಕೋವಿಯ ಬೆನ್ನಿನ ಮೇಲೆ ಕೂರಿಸುವ ಸಣ್ಣದೊಂದು ಕೊಳವೆಯ ಚಿತ್ರ ಅದರಲ್ಲಿತ್ತು. ರೆಡ್ ಡಾಟ್ ಸೈಟ್ ಎಂದು ಅದರ ಹೆಸರು. ಗಾಜಿನ ಮೂಲಕ ನೋಡಿದರೆ ಎದುರಿನ ವಸ್ತುವಿನ ಮೇಲೆ ಒಂದು ಕೆಂಪು ಚುಕ್ಕೆ ತೇಲಿದಂತೆ ಕಾಣುತ್ತದೆ. ಹೊಂದಿಸಬೇಕಾದ ಕಚ್ಚು ಮಣಿ ಯಾವುದೂ ಇಲ್ಲ. ಚುಕ್ಕೆಯೂ ಗುರಿಯೂ ಒಂದೇ ದೂರದಲ್ಲಿದ್ದಂತೆ ಕಾಣುವುದರಿಂದ ಹತ್ತಿರದ್ದನ್ನು ನೋಡುವ ಕೆಲಸವೇ ಕಣ್ಣಿಗೆ ಇಲ್ಲ.

“ಇದು ನಮ್ಮಲ್ಲಿ ಎಲ್ಲಿ ಸಿಗ್ತದೆ?”

“ಅದಕ್ಕೇ ನಿಮ್ಮ ಹತ್ರ ಬಂದದ್ದು. ನಿಮಗೆ ಪಾಣೆಮಂಗಳೂರಿನ ಹಾಜಿಯವರ ಪರಿಚಯ ಉಂಟಲ್ಲ?”

ಹಾಜಿಯವರದ್ದು ಪಾಣೆಮಂಗಳೂರಿನ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ, ಹಗ್ಗ, ರಾಟೆ, ಮೀನಿನ ಬಲೆ, ಗಾಳ ಎಲ್ಲ ಅಲ್ಲಿ ಸಿಗುತ್ತಿತ್ತು. ಅವರ ತಮ್ಮ ಶಾರ್ಜಾದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನಾವಿಬ್ಬರೂ ಮರುದಿನ ಹೋದೆವು. ಹಾಜಿಯವರು ಹಾಳೆಯನ್ನು ಹತ್ತಿರ ಹಿಡಿದು ನೋಡಿ, ಡಾಕ್ಟರರನ್ನು ನೋಡಿ, “ನೀವು ಯಾರನ್ನು ಕೊಲ್ಲುವ ಅಂದಾಜಿನಲ್ಲಿದ್ದೀರಿ ಡಾಕ್ಟ್ರೆ?” ಎಂದು ಕೇಳಿದರು.

“ಕೊಲ್ಲದಿರ್ಲಿಕ್ಕೆ ಹಾಜಿಯವರೇ.”

ಕತೆಯೆಲ್ಲ ಕೇಳಿದ ಮೇಲೆ ಹಾಜಿಯವರು ಅಂಗಡಿಯಿಂದಲೇ ತಮ್ಮನಿಗೆ ಫೋನು ಹಚ್ಚಿದರು. ಅರ್ಧ ಮಾತು ಬ್ಯಾರಿ ಭಾಷೆಯಲ್ಲಿ, ಅರ್ಧ ನಮ್ಮ ಕಡೆ ತಿರುಗಿ. ತಮ್ಮ ಅಲ್ಲಿಂದ ಪ್ರಶ್ನೆ ಕೇಳುವುದು, ಹಾಜಿಯವರು ಅದನ್ನು ನಮಗೆ ಒಪ್ಪಿಸುವುದು. ಚುಕ್ಕೆ ದೊಡ್ಡದು ಬೇಕಾ, ಚಿಕ್ಕದಾ? ಅದನ್ನು ಕೂರಿಸುವ ಕೋವಿಯ ಬೆನ್ನಿನ ಹಳಿ ಎಷ್ಟು ಅಗಲ? ಹಳಿ ಅಳೆದುಕೊಂಡು ಬಂದಿದ್ದು ಒಳ್ಳೆಯದಾಯಿತು. ಕೊನೆಗೆ ಲೇಸರ್ ಆಗಬಹುದಾ ಎಂದು ತಮ್ಮ ಕೇಳಿದ. ಅದು ಬೆಳಕನ್ನು ಪ್ರಾಣಿಯ ಮೈಮೇಲೆಯೇ ಬಿಡುತ್ತದೆ. ಬೇಡ ಎಂದರು ಡಾಕ್ಟರರು. ಬಾವಿಯ ನೀರಿನಲ್ಲಿ ಅದು ಹೊಳೆದರೆ ಚಿರತೆ ಒಂದು ಕಡೆ ನಿಲ್ಲುವುದಿಲ್ಲ.

ಎರಡು ತಿಂಗಳ ನಂತರ ಹಾಜಿಯವರ ತಮ್ಮ ರಜೆಯಲ್ಲಿ ಊರಿಗೆ ಬಂದ. ಕಣ್ಣಿನ ಮಾತೆತ್ತದೆ, ಕೋವಿಗೊಂದು ಸೈಟ್ ಬೇಕೆಂದಷ್ಟೇ ಹೇಳಿ ಪಡೆದ ಇಲಾಖೆಯ ಪತ್ರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸಲು ಮೊದಲೇ ಕಳಿಸಿದ್ದೆವು. ಅವನು ಎರಡು ಸೈಟ್ ತಂದಿದ್ದ. ಒಂದು ಬ್ಯಾಟರಿ ಟಾರ್ಚಿನ ಅರ್ಧದಷ್ಟಿರುವ ಕರಿಯ ಕೊಳವೆ. ಪಕ್ಕದಲ್ಲಿ ತಿರುಪು, ಅದನ್ನು ತಿರುಗಿಸಿ ಚುಕ್ಕೆಯ ಬೆಳಕನ್ನು ಹನ್ನೊಂದು ಹಂತದಲ್ಲಿ ಕಡಿಮೆ ಹೆಚ್ಚು ಮಾಡಬಹುದು. ಇನ್ನೊಂದಕ್ಕೆ ಕೊಳವೆಯೇ ಇಲ್ಲ. ನಿಲ್ಲಿಸಿದ ಒಂದು ಚಿಕ್ಕ ಗಾಜು ಮಾತ್ರ. ಅದು ಹಗುರ, ನೋಡಲು ಚೆಂದ. ಸುತ್ತಲಿನ ಬೆಳಕನ್ನು ನೋಡಿ ಚುಕ್ಕೆಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಒಂದನ್ನು ಆರಿಸಿಕೊಳ್ಳಿ, ಇನ್ನೊಂದನ್ನು ನಾನು ಹೋಗುವಾಗ ಅಂಗಡಿಗೆ ವಾಪಸು ಒಯ್ಯಬೇಕು ಎಂದ. ಅವನ ರಜೆ ಮೂರು ವಾರ.

ಹಾಜಿಯವರು ಕೊಳವೆಯನ್ನು ಕಣ್ಣಿಗಿಟ್ಟು ಅಂಗಡಿಯ ಗೋಡೆಯತ್ತ ಹಿಡಿದರು. “ಓ, ಚುಕ್ಕೆ ಉಂಟು!” ಎಂದವರು ಕೊಳವೆ ಇಳಿಸಿ, ಗೋಡೆಯ ಹತ್ತಿರ ಹೋಗಿ, ಸುಣ್ಣದ ಮೇಲೆ ಬೆರಳಾಡಿಸಿದರು. “ಇಲ್ಲಿ ಎಂತ ಇಲ್ಲವಲ್ಲ?”

“ಚುಕ್ಕೆ ಗೋಡೆಯಲ್ಲಿ ಇಲ್ಲ ಕಾಕ, ಗಾಜಿನಲ್ಲಿ,” ಎಂದರು ಅಂಗಡಿಯಲ್ಲಿ ಹಗ್ಗ ಕೊಳ್ಳುತ್ತಿದ್ದ ಒಬ್ಬರು.

“ಹಾಗಾದ್ರೆ ನಾನು ನೋಡದಿದ್ರೆ ಅದು ಇಲ್ಲವೇ ಇಲ್ಲ,” ಎಂದ ಹಾಜಿಯವರು ಇನ್ನೊಮ್ಮೆ ನೋಡಿದರು. ಅವರಿಗೆ ಅದು ಭಾರೀ ಇಷ್ಟವಾಯಿತು.

ಪರೀಕ್ಷೆಗೆ ನಾವು ಆರಿಸಿದ ಜಾಗ ಕೆಂಪುಕಲ್ಲಿನ ಹಳೆಯ ಕೋರೆ. ನಮ್ಮ ಕಡೆ ಯಾರು ಏನು ಪರೀಕ್ಷೆ ಮಾಡುವುದಿದ್ದರೂ ಕೋರೆಗೇ ಹೋಗುವುದು. ಮೋಟಾರ್ ಸೈಕಲು ಕಲಿಯುವುದು ಅಲ್ಲಿ, ಕ್ರಿಕೆಟ್ ಅಲ್ಲಿ, ದೀಪಾವಳಿಯ ಪಟಾಕಿ ಅಲ್ಲಿ. ಮೂರು ಕಡೆ ಗೋಡೆ ಇರುವ, ಸಮತಟ್ಟಾದ, ಯಾರಿಗೂ ಬೇಡದ ಜಾಗ. ಗೋಣಿಚೀಲಕ್ಕೆ ಅಡಿಕೆ ಸಿಪ್ಪೆ ತುಂಬಿ, ಮೇಲೆ ಸೀಮೆಸುಣ್ಣದಲ್ಲಿ ಅಂಗೈಯಷ್ಟು ದೊಡ್ಡ ಒಂದು ವೃತ್ತ ಬರೆದೆವು. ಅದು ತೊಡೆ. ಸಿರಿಂಜಿಗೆ ಮದ್ದಿನ ಬದಲು ನೀರು. ಡಾಕ್ಟರರು ಹೊಡೆಯುವುದು, ನಾನು ನನ್ನ ವರದಿಯ ಪುಸ್ತಕದಲ್ಲಿ ಬರೆದುಕೊಳ್ಳುವುದು. ಪ್ರತಿ ಹೊಡೆತಕ್ಕೂ ದೂರ, ಯಾವ ಸೈಟ್, ವೃತ್ತದ ನಡುವಿನಿಂದ ಎಷ್ಟು ಅಂಗುಲ ಯಾವ ಕಡೆಗೆ ಎಂದು ಗೆರೆ ಎಳೆದು ಬರೆದಿದ್ದೇನೆ. ಯಾರೂ ಹೇಳಿರಲಿಲ್ಲ. ಕೈ ಸುಮ್ಮನಿರದ ಅಭ್ಯಾಸ.

ಮೊದಲು ಹಳೆಯ ಕಚ್ಚು ಮಣಿಯಲ್ಲಿ ಹತ್ತು ಹೊಡೆತ. ವೃತ್ತದೊಳಗೆ ಬಿದ್ದದ್ದು ಎರಡು. ಉಳಿದವು ಎಡ, ಬಲ, ಕೆಳಗೆ, ಒಂದು ಗೋಣಿಯ ಹೊರಗೆ. ಡಾಕ್ಟರರು ಗೋಣಿಯ ಹತ್ತಿರ ನಡೆದು ಹೋಗಿ ಒಂದೊಂದೇ ಸಿರಿಂಜನ್ನು ಎಳೆದು ತೆಗೆದರು.

ಆಮೇಲೆ ಗಾಜಿನ ಸೈಟ್ ಕೂರಿಸಿ ಗುರಿ ಸರಿ ಮಾಡಿಕೊಂಡು ಹತ್ತು. ಒಂಬತ್ತು ಒಳಗೆ. ಕೊಳವೆಯಲ್ಲಿ ಹತ್ತು. ಅದರಲ್ಲೂ ಒಂಬತ್ತು. ಹತ್ತನೆಯದು ಗೆರೆಯ ಮೇಲೆ. ಅವರು ಎರಡೂ ಕಣ್ಣು ತೆರೆದುಕೊಂಡು ಹೊಡೆಯುತ್ತಿದ್ದರು. ಮುಖದಲ್ಲಿ ನಾನು ಎಂದೂ ನೋಡಿರದ ಒಂದು ನಗು. ಹನ್ನೆರಡು ವರ್ಷ ಪ್ರಾಯ ಕಡಿಮೆಯಾದ ಹಾಗೆ ಆಯ್ತು ಮಾರಾಯ್ರೆ ಎಂದರು. ಎರಡರಲ್ಲಿ ಗಾಜಿನದ್ದೇ ಇರಲಿ ಎಂದು ತೀರ್ಮಾನವೂ ಆಯಿತು. ಹಗುರ, ನೋಟಕ್ಕೆ ಅಡ್ಡವಿಲ್ಲ, ಬೆಳಕಿನ ತಿರುಪು ತಿರುಗಿಸುತ್ತಾ ಕೂರಬೇಕಾಗಿಲ್ಲ.

ಕೊಳವೆಯನ್ನು ವಾಪಸು ಕೊಡಲು ಅಂಗಡಿಗೆ ಹೋದಾಗ ಹಾಜಿಯವರು ನನ್ನ ಪುಸ್ತಕವನ್ನು ತಿರುಗಿಸಿ ನೋಡಿದರು. ಅಂಕಿಗಳನ್ನೆಲ್ಲ ಗಂಭೀರವಾಗಿ ಓದಿದರು.

“ಎಲ್ಲ ಕೋರೆಯಲ್ಲಿ ಹೊಡೆದದ್ದಾ?”

“ಹೌದು.”

“ನಿಮಗೆ ಚಿರತೆ ಸಿಗುವುದು ಕೋರೆಯಲ್ಲೋ ಡಾಕ್ಟ್ರೆ, ಬಾವಿಯಲ್ಲೋ?”

ಎರಡು ದಿನ ಕೋರೆಯಲ್ಲಿ ಕಳೆದ ನಮಗೆ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಹಾಜಿಯವರು ಬಿಡಲಿಲ್ಲ. “ಪೇಪರ್‌ನವರೇ, ನೀವಾದ್ರೂ ಕೇಳ್ಬೇಕಿತ್ತು. ಊರಿಗೆಲ್ಲ ಪ್ರಶ್ನೆ ಕೇಳ್ತೀರಿ.” ಹೇಳಿ, ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ, “ನರಿಕೊಂಬಿನಲ್ಲಿ ನಮ್ಮದೊಂದು ಹಾಳುಬಾವಿ ಉಂಟು. ನೀರಿಲ್ಲ. ನಾಳೆ ಹೋಗುವ,” ಎಂದರು.

ನರಿಕೊಂಬಿನ ಆ ಬಾವಿ ಹದಿನಾಲ್ಕು ಕೋಲು. ಒಂದು ಕೋಲು ಎಂದರೆ ಹತ್ತಿರ ಹತ್ತಿರ ಎರಡೂವರೆ ಅಡಿ. ಬೆಳಿಗ್ಗೆ ಹತ್ತರ ಬಿಸಿಲು. ಗೋಣಿಯನ್ನು ಹಗ್ಗದಲ್ಲಿ ಇಳಿಸಿ ತಳದಲ್ಲಿ ಮಲಗಿಸಿದೆವು. ಮೇಲಿನಿಂದ ನೋಡಿದರೆ ಸೀಮೆಸುಣ್ಣದ ವೃತ್ತ ಮಂದವಾಗಿ ಕಾಣುತ್ತಿತ್ತು. ಡಾಕ್ಟರರು ಅಂಚಿನಲ್ಲಿ ಮಂಡಿಯೂರಿ ಗಾಜಿನ ಸೈಟಿನ ಮೂಲಕ ಕೆಳಗೆ ನೋಡಿದರು. ನೋಡಿ ಕೋವಿ ಇಳಿಸಿದರು. ಇನ್ನೊಮ್ಮೆ ನೋಡಿದರು.

“ಎಂತಾಯ್ತು?”

“ಗೋಣಿಯೇ ಕಾಣುವುದಿಲ್ಲ. ಬರೀ ಕೆಂಪು.”

ನಾನೂ ನೋಡಿದೆ. ಕೋರೆಯಲ್ಲಿ ಸಾಸಿವೆಯಷ್ಟಿದ್ದ ಚುಕ್ಕೆ ಇಲ್ಲಿ ಉರಿಯುವ ಕೆಂಡದಂತೆ ಹರಡಿ, ವೃತ್ತವನ್ನೂ ಅದರ ಸುತ್ತಲನ್ನೂ ನುಂಗಿತ್ತು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಸೈಟ್ ಇರುವುದು ಮೇಲೆ, ಬಿಸಿಲಿನಲ್ಲಿ. ಸುತ್ತ ಬೆಳಕು ಜೋರಾಗಿದೆ ಎಂದು ಅದು ಚುಕ್ಕೆಯನ್ನೂ ಜೋರು ಮಾಡುತ್ತದೆ. ಗುರಿ ಇರುವುದು ಕತ್ತಲೆಯಲ್ಲಿ. ಅದು ಸೈಟಿಗೆ ಗೊತ್ತಿಲ್ಲ. ತಾನೇ ಎಲ್ಲ ಹೊಂದಿಸಿಕೊಳ್ಳುತ್ತದೆ ಎಂದು ನಾವು ಮೆಚ್ಚಿದ ಗುಣವೇ ಬಾವಿಗೆ ಆಗದ ಗುಣ.

ಕೊಳವೆಯನ್ನು ಕೂರಿಸಿದರು. ತಿರುಪನ್ನು ಕೈಯಿಂದ ತಿರುಗಿಸುತ್ತಾ ಬೆಳಕನ್ನು ಇಳಿಸಿದರು. ಮೂರನೆಯ ಹಂತಕ್ಕೆ ಬಂದಾಗ ಚುಕ್ಕೆ ಮತ್ತೆ ಸಾಸಿವೆಯಾಯಿತು, ವೃತ್ತದ ನಡುವೆ ಸುಮ್ಮನೆ ಕೂತಿತು. ಹೊಡೆದರು. ಗುಲಾಬಿ ಕುಚ್ಚು ವೃತ್ತದ ಹೊರಗೆ ನಿಂತಿತ್ತು. ಮತ್ತೆ ಹೊಡೆದರು. ಅದರ ಪಕ್ಕದಲ್ಲೇ ಇನ್ನೊಂದು. ಐದು ಹೊಡೆತ, ಐದೂ ಒಂದೇ ಕಡೆ, ಹಿಡಿ ಹೂವಿನ ಹಾಗೆ ಒತ್ತಾಗಿ. ಆದರೆ ವೃತ್ತದಿಂದ ಆಚೆ.

ಡಾಕ್ಟರರ ಮುಖ ಬಿದ್ದುಹೋಯಿತು. “ಕೈ ನಡುಗ್ತಾ ಉಂಟೋ ಎಂತದೋ.”

“ನಡುಗಿದ್ರೆ ಐದೂ ಒಂದೇ ಕಡೆ ಬೀಳ್ತದಾ?” ಎಂದೆ. ಗೋಣಿಯನ್ನು ಮೇಲೆ ಎಳೆದು ಅಳೆದೆ. ಚುಕ್ಕೆ ಇಟ್ಟ ಜಾಗದಿಂದ, ಹೊಡೆದವರ ಕಾಲಬುಡದಿಂದ ದೂರ ಸರಿಯುವ ದಿಕ್ಕಿನಲ್ಲಿ, ಸರಿಯಾಗಿ ಒಂದು ಗೇಣು.

ನಾನು ಪುಸ್ತಕ ತಿರುಗಿಸಿದೆ. ಕೋರೆಯ ಪುಟಗಳಲ್ಲಿ ಗೇಣಿನ ಮಾತಿಲ್ಲ. ಹಿಂದಿನ ಪುಸ್ತಕ ಚೀಲದಲ್ಲೇ ಇತ್ತು, ಸಿದ್ಧಕಟ್ಟೆಯ ದಿನದ್ದು. ನನ್ನದೇ ಅಕ್ಷರ: ಚಿರತೆ ನಮ್ಮ ಕಡೆ ಹಿಂಭಾಗ ಹಾಕಿ ಮಲಗಿದೆ. ಗುರಿ ತೊಡೆ. ತಾಗಿದ್ದು ಹೊಟ್ಟೆ, ಒಂದು ಗೇಣು ಆಚೆ. ಅದನ್ನು ಡಾಕ್ಟರರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಆಮೇಲೆ ಬಾವಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಾತಾಡತೊಡಗಿದರು, ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ.

ಸಿರಿಂಜು ಗುಂಡಿನಷ್ಟು ವೇಗವಾಗಿ ಹೋಗುವುದಿಲ್ಲ. ಕೋರೆಯಲ್ಲಿ ಅಡ್ಡಕ್ಕೆ ಹೊಡೆದಾಗ ದಾರಿಯಲ್ಲಿ ಒಂದು ಗೇಣು ಕೆಳಗೆ ಜಗ್ಗುತ್ತದೆ. ಅದಕ್ಕಾಗಿ ಕೋವಿ ಒಂದು ಗೇಣು ಮೇಲಕ್ಕೆ ಹೊಡೆಯುವ ಹಾಗೆ ಸೈಟನ್ನು ಎತ್ತಿ ಕಟ್ಟಿರುತ್ತೇವೆ. ಬಾವಿಯಲ್ಲಿ ಹೊಡೆಯುವುದು ನೆಟ್ಟಗೆ ಕೆಳಕ್ಕೆ. ಅಲ್ಲಿ ಜಗ್ಗಲು ಏನಿದೆ? ಜಗ್ಗುವುದಿಲ್ಲ, ಆದರೆ ಎತ್ತಿ ಕಟ್ಟಿದ ಗೇಣು ಹಾಗೇ ಉಳಿಯುತ್ತದೆ. ಕೆಳಮುಖ ಹಿಡಿದ ಕೋವಿಯ ಮೇಲ್ಗಡೆ ಎಂದರೆ ಹೊಡೆಯುವವನಿಂದ ದೂರದ ಕಡೆ, ಹಾಗಾಗಿ ಆಚೆ. ಹಳೆಯ ಕಚ್ಚು ಮಣಿಯನ್ನು ಕಟ್ಟಿದ್ದೂ ಅಡ್ಡಕ್ಕೆ ಹೊಡೆಯಲೆಂದೇ. ಹೊಡೆತಗಳು ಎಡಬಲ ಚದುರಿ ಬೀಳುತ್ತಿದ್ದ ಕಾಲದಲ್ಲಿ ಈ ಗೇಣು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಹಾಗಾದ್ರೆ ಆವತ್ತು ಕಣ್ಣಿನ ದೋಷ ಅಲ್ವಾ?” ಎಂದು ಹಾಜಿಯವರು ಕೇಳಿದರು.

“ಕಣ್ಣಿನದ್ದೂ ಉಂಟು. ಆದ್ರೆ ಆ ಗೇಣು ಕಣ್ಣಿನದ್ದಲ್ಲ.”

ಅವರು ಎದ್ದು ಕೊಳವೆಯ ಮೇಲಿನ, ಗುರಿ ಸರಿಪಡಿಸುವ ಸಣ್ಣ ತಿರುಪನ್ನು ನಾಣ್ಯದಿಂದ ತಿರುಗಿಸಿದರು. ಹೊಡೆದರು. ಇನ್ನಷ್ಟು ತಿರುಗಿಸಿದರು. ಹೊಡೆದರು. ಮಸೀದಿಯಿಂದ ಮಧ್ಯಾಹ್ನದ ಬಾಂಕ್ ಕೇಳಿಸುವ ಹೊತ್ತಿಗೆ ಹನ್ನೆರಡು ಹೊಡೆತಗಳಲ್ಲಿ ಹನ್ನೆರಡೂ ವೃತ್ತದೊಳಗೆ ಇದ್ದವು. ಹಾಜಿಯವರು ಬಾವಿಯೊಳಗೆ ಬಗ್ಗಿ ಎಣಿಸಿ, “ಸಾಕು ಡಾಕ್ಟ್ರೆ, ಗೋಣಿಗೆ ಇನ್ನು ಎಚ್ಚರ ಆಗ್ಲಿಕ್ಕಿಲ್ಲ,” ಎಂದು ಹೇಳಿ ನಮಾಜಿಗೆ ಹೊರಟರು. ಗಾಜಿನ ಸೈಟ್ ಮರುವಾರ ಶಾರ್ಜಾಕ್ಕೆ ಹೋಯಿತು. ಡಾಕ್ಟರರು ಕೋವಿಯ ಹಿಡಿಗೆ ಬಿಳಿ ಪಟ್ಟಿ ಅಂಟಿಸಿ, ಬಾವಿಗೆ ಮಾತ್ರ ಎಂದು ಬರೆದರು.

ಮುಂದಿನ ಚಿರತೆಗೆ ಏಳು ತಿಂಗಳು ಕಾಯಬೇಕಾಯಿತು. ಕಾಯುವುದು ಎಂದರೆ ತಪ್ಪು ಶಬ್ದ. ಯಾರೂ ಅದನ್ನು ಬಯಸುತ್ತಿರಲಿಲ್ಲ. ಆ ನಡುವೆ ಡಾಕ್ಟರರು ತಿಂಗಳಿಗೊಮ್ಮೆ ನರಿಕೊಂಬಿಗೆ ಹೋಗಿ ಹನ್ನೆರಡು ಹೊಡೆತ ಹೊಡೆದು ಬರುತ್ತಿದ್ದರು. ನಾನು ಪ್ರತಿ ಸಲ ಬರೆದುಕೊಳ್ಳುತ್ತಿದ್ದೆ.

ಕರೆ ಬಂದದ್ದು ಮೂಡುಬಿದಿರೆ ಕಡೆಯಿಂದ. ಬೇಸಗೆ. ರಸ್ತೆಯಿಂದ ಗದ್ದೆಯ ಬದುವಾದ ಹುಣಿಯ ಮೇಲೆ ನಡೆದು ಕಾಲು ಮೈಲಿ ಒಳಗಿನ ಒಂಟಿ ಮನೆ. ನಾವು ತಲುಪುವಾಗಲೇ ಬಾವಿಯ ಸುತ್ತ ಮುನ್ನೂರು ಮಂದಿ ಇರಬಹುದು. ಮರದ ಮೇಲೂ ಜನ. ‘ಪಿಲಿ, ಪಿಲಿ’ ಎಂಬ ಬೊಬ್ಬೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹೆದರಿಕೆಯ ಹೊತ್ತಿನಲ್ಲಿ ಚಿರತೆಗೂ ಅದೇ ಹೆಸರು. ಹಿಂದಿನ ಮಳೆಗಾಲದಲ್ಲಿ ಬಾವಿಯ ಒಳಗೋಡೆ ಒಂದು ಕಡೆ ಕುಸಿದು, ನೀರಿಗಿಂತ ನಾಲ್ಕಡಿ ಮೇಲೆ ಮಣ್ಣಿನ ಒಂದು ಜಗಲಿಯಾಗಿತ್ತು. ಚಿರತೆ ಅದರ ಮೇಲೆ ಕೂತಿತ್ತು. ಎಡ ಹಿಂಗಾಲನ್ನು ಒಂದು ಕಡೆ ಚಾಚಿಕೊಂಡಿತ್ತು. ಏಣಿ ಇಳಿಸಿ ಆಗಿತ್ತು. ಅದು ಎರಡು ಮೆಟ್ಟಿಲು ಹತ್ತಿ ಬಿದ್ದಿತ್ತಂತೆ.

ಡಾಕ್ಟರರು ಕೋವಿಯ ಪೆಟ್ಟಿಗೆ ಇಳಿಸುತ್ತಿದ್ದಂತೆ ಗುಂಪಿನಿಂದ ಒಂದು ಸ್ವರ: “ಸಿದ್ಧಕಟ್ಟೆಯಲ್ಲಿ ಕೊಂದವರು ಇವರೇ ಅಲ್ವಾ?”

“ಇವರೇ. ಪೇಪರಿನಲ್ಲಿ ಬಂದಿತ್ತು,” ಎಂದಿತು ಇನ್ನೊಂದು.

ಡಾಕ್ಟರರು ತಲೆ ಎತ್ತಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಸ್ಥಳದಲ್ಲಿದ್ದ ಅರಣ್ಯ ಅಧಿಕಾರಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಡಾಕ್ಟ್ರೆ, ಹೊರಗಿನಿಂದ ತಂಡ ಕರೆಸುವ ಅಂತ ಮೇಲಿನವರು ಹೇಳ್ತಿದ್ದಾರೆ. ನಿಮಗೆ ಧೈರ್ಯ ಉಂಟಾ?” ಎಂದರು.

“ಧೈರ್ಯ ಬೇಡ. ಬಾವಿ ಎಷ್ಟು ಕೋಲು?”

ಮನೆಯ ಯಜಮಾನತಿ, ಅರುವತ್ತರ ಹತ್ತಿರದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತಿದ್ದರು. “ಹದಿನೈದು. ಜಗಲಿಗೆ ಹನ್ನೊಂದು ಹನ್ನೆರಡು ಆದೀತು. ನಮ್ಮದು ಕುಡಿಯುವ ನೀರು ಡಾಕ್ಟ್ರೆ. ಅದು ಬಾವಿಯಲ್ಲಿ ಸತ್ರೆ ನಾವು ಎಲ್ಲಿಗೆ ಹೋಗುವುದು?”

“ಸಾಯುವುದಿಲ್ಲ ಅಕ್ಕ.”

ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಚಿರತೆ ಮಂಪರಿನಲ್ಲಿ ನೀರಿಗೆ ಜಾರಬಾರದೆಂದು ಮೊದಲು ನೀರಿನ ಮೇಲೆ ಬಲೆ ಕಟ್ಟಿಸಿದರು. ಹಾಜಿಯವರ ಅಂಗಡಿಯ ಬಲೆ. ಆಮೇಲೆ ಗುಂಪನ್ನು ಇಪ್ಪತ್ತು ಹೆಜ್ಜೆ ಹಿಂದೆ ಸರಿಸಲು ಹೇಳಿದರು. ಮರದ ಮೇಲಿದ್ದವರು ಇಳಿಯಲಿಲ್ಲ. ಯಜಮಾನತಿ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಹೋಗಿ ಅವರನ್ನೂ ಇಳಿಸಿದರು.

ಡಾಕ್ಟರರು ಅಂಚಿನಲ್ಲಿ ಮಂಡಿಯೂರಿದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಕೊಳವೆಯೊಳಗೆ ನೋಡಿ ತಿರುಪನ್ನು ಹಿಂದಕ್ಕೆ ತಿರುಗಿಸಿದರು. ನನಗೆ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಚಿರತೆ ತಲೆ ಎತ್ತಿ ಅವರನ್ನೇ ನೋಡಿ ಹಲ್ಲು ಬಿಟ್ಟು ಉಸಿರೆಳೆಯಿತು. ಅವರು ಕಾದರು. ಅದು ಮುಖ ತಿರುಗಿಸಿ ಬಲಗಡೆ ವಾಲಿಕೊಂಡಿತು. ಎಡತೊಡೆ ಗಾಯಗೊಂಡದ್ದು. ಅವರಿಗೆ ಬೇಕಾದದ್ದು ಬಲತೊಡೆ. ಅದು ಅಡಿಗೆ ಹೋಗಿತ್ತು. ಮತ್ತೆ ಕಾದರು. ಗುಂಪಿನಲ್ಲಿ ಯಾರೋ, “ಬೆಡಿ ಕೆಟ್ಟಿದೆಯಾ ಹೇಗೆ?” ಎಂದರು. ಬೆಡಿ ಎಂದರೆ ಕೋವಿ. ಕೆಲವರು ನಕ್ಕರು. ನಾನು ಗಡಿಯಾರ ನೋಡಿಕೊಂಡೆ. ಹದಿನೇಳು ನಿಮಿಷ.

ಚಿರತೆ ಮೈ ಹೊರಳಿಸಿತು. ಬಲತೊಡೆ ಮೇಲೆ ಬಂತು.

ಕೋವಿಯ ಸದ್ದು ಸೋಡಾ ಬಾಟಲಿ ತೆಗೆದಷ್ಟೇ. ಜನರಿಗೆ ಹೊಡೆದದ್ದೇ ಗೊತ್ತಾಗಲಿಲ್ಲ. ನಾನು ಬಗ್ಗಿ ನೋಡಿದೆ. ಬಲತೊಡೆಯ ದಪ್ಪ ಮಾಂಸದ ನಟ್ಟನಡುವೆ ಗುಲಾಬಿ ಕುಚ್ಚು ನಿಂತಿತ್ತು. ಒಂದು ಅಂಗುಲ ಆಚೆ ಇಲ್ಲ, ಈಚೆ ಇಲ್ಲ. ಪುಸ್ತಕದಲ್ಲಿ ನಾನು ಸಮಯ ಬರೆದು, ಪಕ್ಕದಲ್ಲಿ ‘ನಡುವೆ’ ಎಂದು ಬರೆದೆ. ಬರೆಯುವಾಗ ಅಕ್ಷರ ಓರೆಯಾಯಿತು. ಆ ಪುಟ ಈಗಲೂ ಇದೆ.

ಹನ್ನೊಂದು ನಿಮಿಷದಲ್ಲಿ ಚಿರತೆಯ ತಲೆ ಮುಂಗಾಲಿನ ಮೇಲೆ ಒರಗಿತು. ಉದ್ದದ ಬಿದಿರಿನಿಂದ ಕಿವಿ ಮುಟ್ಟಿದರೂ ಅಲುಗಲಿಲ್ಲ. ಇಬ್ಬರು ಸಿಬ್ಬಂದಿ ಹಗ್ಗದಲ್ಲಿ ಇಳಿದು ಅದನ್ನು ಬಲೆಯಲ್ಲಿ ಸುತ್ತಿದರು. ಎಳೆಯಲು ಕೈಗಳು ಬೇಕಾದಾಗ ಇಪ್ಪತ್ತು ಹೆಜ್ಜೆಯ ಗೆರೆ ಯಾರಿಗೂ ನೆನಪಿರಲಿಲ್ಲ. ಡಾಕ್ಟರರೂ ತಡೆಯಲಿಲ್ಲ. ಸಿದ್ಧಕಟ್ಟೆಯ ಮಾತೆತ್ತಿದ್ದ ಆಸಾಮಿಯೇ ಹಗ್ಗದ ಮುಂದಿನ ತುದಿಯಲ್ಲಿದ್ದ. ಬಲೆ ಅಂಚಿಗೆ ಬಂದಾಗ ಚಿರತೆಯ ಪಕ್ಕೆ ಏರಿಳಿಯುತ್ತಿರುವುದು ಎಲ್ಲರಿಗೂ ಕಂಡಿತು. ಆಗ ಎದ್ದ ಬೊಬ್ಬೆ ಗದ್ದೆಯಾಚೆಯ ರಸ್ತೆಗೂ ಕೇಳಿಸಿರಬೇಕು. ಬಸ್ಸೊಂದು ನಿಂತು ಹಾರ್ನ್ ಹೊಡೆಯಿತು.

ಡಾಕ್ಟರರು ಮಾತ್ರ ನೆಲದಲ್ಲಿ ಕೂತು ಅದರ ಉಸಿರು ಎಣಿಸುತ್ತಿದ್ದರು. ಕಾಲನ್ನು ಒತ್ತಿ ನೋಡಿ, “ಮುರಿದಿಲ್ಲ, ಉಳುಕಿದ್ದು,” ಎಂದರು. ಬೋನಿನ ಬಾಗಿಲು ಹಾಕಿದ ಮೇಲೆಯೇ ಎದ್ದದ್ದು. ಯಜಮಾನತಿ ಒಂದು ಚೆಂಬು ಮಜ್ಜಿಗೆ ತಂದುಕೊಟ್ಟರು. ನಿಂತಲ್ಲೇ ಪೂರ್ತಿ ಕುಡಿದರು.

“ಒಂದೇ ಹೊಡೆತ ಅಲ್ವಾ?” ಎಂದರು ಅಧಿಕಾರಿ. “ಕೋವಿ ಇನ್ನು ನಿಮ್ಮಲ್ಲೇ ಇರ್ಲಿ. ನಾನು ಬರೀತೇನೆ.”

“ಇರ್ಲಿ,” ಎಂದರು ಡಾಕ್ಟರರು. ನನ್ನ ಕಡೆ ತಿರುಗಿ, “ನನ್ನ ಕನ್ನಡಕ ಎಲ್ಲಿ ಮಾರಾಯ್ರೆ? ನಿಮ್ಮನ್ನು ನೋಡಿದ್ರೆ ಮಂಜು ಮಂಜು.”

ಚಿರತೆಯನ್ನು ಒಂಬತ್ತು ದಿನ ಬೋನಿನಲ್ಲಿಟ್ಟು ಮದ್ದು ಮಾಡಿದರು. ಹತ್ತನೆಯ ದಿನ ಬೆಳಿಗ್ಗೆ ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದ ಕಾಡಿನಲ್ಲಿ ಬಿಡುವುದೆಂದು ಆಯಿತು. ಹಾಜಿಯವರು ಅಂಗಡಿ ಮುಚ್ಚಿ ನಮ್ಮೊಡನೆ ಜೀಪಿನಲ್ಲಿ ಬಂದಿದ್ದರು. ದಾರಿಯಿಡೀ ಬೋನಿನ ಲಾರಿಯನ್ನು ನೋಡುತ್ತಾ, ಇದನ್ನು ಶಾರ್ಜಾದ ತಮ್ಮನಿಗೆ ಫೋನಿನಲ್ಲಿ ಹೇಗೆ ಹೇಳುವುದು ಎಂದು ಅಭ್ಯಾಸ ಮಾಡುತ್ತಿದ್ದರು. ಪ್ರತಿ ಸಲ ಹೇಳುವಾಗ ಬಾವಿ ಎರಡು ಕೋಲು ಆಳವಾಗುತ್ತಿತ್ತು.

ಲಾರಿ ನಿಂತಿತು. ಹಗ್ಗ ಎಳೆದು ಬೋನಿನ ಬಾಗಿಲು ಎತ್ತಿದರು. ನಾವು ಜೀಪಿನ ಗಾಜು ಏರಿಸಿಕೊಂಡು ಕೂತಿದ್ದೆವು. ಚಿರತೆ ಸ್ವಲ್ಪ ಹೊತ್ತು ಹೊರಬರಲಿಲ್ಲ. ಬಂದಾಗ ಒಮ್ಮೆಲೇ ಬಂತು. ನೆಲಕ್ಕೆ ಹಾರಿ, ಹತ್ತು ಗಜ ಓಡಿ, ನಿಧಾನವಾಗಿ, ಒಣಗಿದ ತೋಡಿನ ಹಳ್ಳ ದಾಟಿ ಎದುರಿನ ದರೆಯ ಏರು ಹತ್ತತೊಡಗಿತು. ಹಾಜಿಯವರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಡಾಕ್ಟರರು ಹಿಡಿದುಕೊಂಡರು. ಅವರ ಕಣ್ಣು ಚಿರತೆಯ ಹಿಂಗಾಲನ್ನೇ ನೋಡುತ್ತಿತ್ತು. ಕನ್ನಡಕ ಇರಲಿಲ್ಲ, ದೂರಕ್ಕೆ ಬೇಕಾಗಿಯೂ ಇರಲಿಲ್ಲ.

“ಎಡಗಾಲು ಊರ್ತಾ ಉಂಟು,” ಎಂದರು. “ನೋಡಿದ್ರಾ? ಸರಿಯಾಗಿ ಊರ್ತಾ ಉಂಟು.”